ಹಡಗೂ ಇಲಿಯೂ

"ಮಾರೋದಾದ್ರೆ ನಿನ್ನ ಇಲೀನ ಮಾರು! ನನ್ನ ಗಾಡಿ ಈ ಗೇಟು ದಾಟಲ್ಲ. ದಾಟಿದ್ರೆ ಒಳಗೆ ನಾನೂ ಕೂತಿರ್ತೀನಿ!"

"ಯಾಕಪ್ಪ ಕೂಗ್ತೀಯ?" ಎಂದಳು ಮಗಳು. "ನಿನ್ನ ಹಡಗಿನ ಸೈಲೆನ್ಸರ್‌ಗಿಂತ ನಿನ್ನದೇ ಜಾಸ್ತಿ ಆಯ್ತು."

"ಅದನ್ನ ಹಡಗು ಅನ್ಬೇಡ!" ಎಂದ ಅಪ್ಪ.

"ಹಾಗಂತ ಹೆಸರಿಟ್ಟಿದ್ದು ನಾನಲ್ಲ, ಅಜ್ಜಿ."

"ಹೌದು ಕಣೋ, ನಾನೇ," ಎಂದಳು ಅಜ್ಜಿ, ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ. "ಒಳಗೆ ಕೂತ್ರೆ ದಡ ಕಾಣಲ್ಲ. ಹಡಗಲ್ಲದೆ ಏನನ್ನಲಿ?"

ಅಪ್ಪ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಅಮ್ಮ ಅದನ್ನು ಮತ್ತೆ ಅವನ ಮುಂದಕ್ಕೇ ಸರಿಸಿದಳು. ಆ ಮನೆಯಲ್ಲಿ ಜಗಳವೂ ಊಟವೂ ಒಟ್ಟಿಗೇ ನಡೆಯುತ್ತಿದ್ದವು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟವರು ಅಲ್ಲಿ ಯಾರೂ ಇರಲಿಲ್ಲ.

ಈ ಸಲದ ಜಗಳಕ್ಕೆ ಕಾರಣ ಬೀದಿಯಲ್ಲಿತ್ತು. ನಗರಸಭೆಯವರು ಬಂದು ಬೀದಿಯ ಎರಡೂ ಬದಿಗೆ ಹಳದಿ ಗೆರೆ ಎಳೆದು ಹೋಗಿದ್ದರು. ಇನ್ನು ಮುಂದೆ ಅಲ್ಲಿ ಯಾವ ಗಾಡಿಯನ್ನೂ ನಿಲ್ಲಿಸುವಂತಿಲ್ಲ. ಮನೆಯ ಅಂಗಳದಲ್ಲಿ ಒಂದು ಕಾರಿಗೆ ಜಾಗ. ಮನೆಯಲ್ಲಿದ್ದದ್ದು ಎರಡು ಕಾರು.

ಒಂದು ಅಪ್ಪನದು. ಅಮೆರಿಕದ್ದು, ಉದ್ದನೆಯದು, ಸೋಫಾದಂಥ ಸೀಟಿನದು. ಮಗಳು ಶಾಲೆಗೆ ಸೇರುವ ಮೊದಲೇ, ಒಬ್ಬ ಹೋಟೆಲಿನವನಿಂದ ಹಳೆಯದನ್ನೇ ಕೊಂಡಿದ್ದ. ಇನ್ನೊಂದು ಮಗಳದು. ಜಪಾನಿನದು, ಗಿಡ್ಡ, ಬೂದಿ ಬಣ್ಣ. ಅದಕ್ಕೆ ಇಲಿ ಎಂದು ಹೆಸರಿಟ್ಟವನು ಅಪ್ಪ. ಅವನು ಬಸ್ ಡಿಪೋದಲ್ಲಿ ಫಿಟ್ಟರ್. ಮಗಳು ಹಲ್ಲು ಕಟ್ಟುವವಳು. ಡಾಕ್ಟರು ಕಳಿಸಿದ ಅಚ್ಚಿಗೆ ಸರಿಯಾಗಿ ಮೇಣ ಕೆತ್ತಿ, ಬಣ್ಣ ಹೊಂದಿಸಿ, ಸೆಟ್ಟು ಮಾಡಿ ಕೊಡುತ್ತಿದ್ದಳು. ಅಜ್ಜಿಯ ಬಾಯಲ್ಲಿದ್ದದ್ದೂ ಅವಳೇ ಕಟ್ಟಿದ್ದು.

"ಒಂದೇ ಒಂದು ಮಾತು ಕೇಳ್ತೀನಿ," ಎಂದಳು ಮಗಳು. "ನಿನ್ನ ಗಾಡೀದು ಗೇರ್ ಬಾಕ್ಸ್ ಎಷ್ಟು ಸಲ ಕೆಳಗಿಳಿಸಿದ್ದೀಯ?"

"ಇಳಿಸಿದ್ದು ನಾನು, ಏರಿಸಿದ್ದೂ ನಾನು. ಯಾವನ ಗ್ಯಾರೇಜಿಗಾದ್ರೂ ಹೋಗಿ ನಿಂತಿದ್ನಾ?"

"ನನ್ನದಕ್ಕೆ ಎಣ್ಣೆ, ಟೈರು, ಬ್ರೇಕು ಬಿಟ್ರೆ ಇವತ್ತಿನವರೆಗೆ ಏನೂ ಹಾಕಿಲ್ಲ."

"ಅದಕ್ಕೇ ಅದು ಗಾಡಿ ಅಲ್ಲ ಅನ್ನೋದು! ಕೆಡದೇ ಇರೋದರ ಜೊತೆ ಮನುಷ್ಯನಿಗೆ ಏನು ಬಳಕೆ ಬೆಳೆಯುತ್ತೆ? ನನ್ನದು ಕೆಮ್ಮಿದ್ರೆ ಯಾಕೆ ಕೆಮ್ಮಿತು ಅಂತ ನನಗೆ ಗೊತ್ತಾಗುತ್ತೆ. ನಿನ್ನದು ಸತ್ತ ದಿನವೇ ನಿನಗೆ ಗೊತ್ತಾಗೋದು, ಅದಕ್ಕೆ ಒಂದು ಜೀವ ಇತ್ತು ಅಂತ. ಮಾರು ಅದನ್ನ!"

"ಸರಿ," ಎಂದಳು ಮಗಳು. "ಮಾರ್ತೀನಿ."

ಅಪ್ಪನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಜಗಳದಲ್ಲಿ ಎದುರಿನವರು ಸರಿ ಎಂದುಬಿಟ್ಟರೆ ಕೂಗುವವನ ಗತಿ ಏನು? ಅಂಥ ಅನುಭವ ಅವನಿಗೆ ಇರಲಿಲ್ಲ.

"ನಿಜವಾಗ್ಲೂ?"

"ನಿಜವಾಗ್ಲೂ. ಹೇಳಬೇಕೋ ಬೇಡವೋ ಅಂತಿದ್ದೆ. ನನ್ನ ಜೊತೆ ಕೆಲಸ ಕಲಿತವಳು ಬಂದರಿನ ಊರಲ್ಲಿ ಸ್ವಂತ ಲ್ಯಾಬು ಹಾಕ್ತಿದ್ದಾಳೆ. ಅರ್ಧ ಪಾಲಿಗೆ ಬಾ ಅಂದಳು. ಹಲ್ಲು ಸುಡೋ ಕುಲುಮೆಗೂ ಬೆಂಚಿಗೂ ನನ್ನ ಪಾಲು ಹಾಕಬೇಕು. ಇಲಿ ಮಾರಿದ್ರೆ ಸರಿಹೋಗುತ್ತೆ. ಮಾರೋಕೆ ಮನಸ್ಸು ಬರ್ತಿರಲಿಲ್ಲ. ಈಗ ನೀನೇ ಹೇಳಿದೆಯಲ್ಲ."

ಬಂದರಿನ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಮ್ಮ ಎದ್ದು ನೀರು ತಂದಳು. ಯಾರೂ ಕೇಳಿರಲಿಲ್ಲ.

"ಮೊಸರು ಯಾರಿಗೆ?" ಎಂದಳು ಅಜ್ಜಿ.

*

ರಜೆಯ ದಿನ ಸೋದರಮಾವ ಬಂದ. ಹಳೆಯ ಕಾರು ಕೊಂಡು ಮಾರುವುದು ಅವನ ಕಸುಬು. ಮನೆಯವರು ಅವನನ್ನು ರೇಟು ಮಾವ ಎನ್ನುತ್ತಿದ್ದರು. ಮದುವೆ ಮನೆಗೆ ಹೋದರೂ ಮಂಟಪಕ್ಕೆ ಒಂದು ರೇಟು ಹೇಳಿಯೇ ಊಟಕ್ಕೆ ಕೂರುವ ಆಸಾಮಿ.

ಮೊದಲು ಇಲಿಯನ್ನು ನೋಡಿದ. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಕಾಲ್ಚಾಪೆ ಎತ್ತಿ ಮೂಸಿದ. ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ಹೆಬ್ಬೆರಳಿನಿಂದ ಸವರಿ ನೋಡಿದ.

"ಕೊಟ್ಟ ಹಣದ ಮೂರರಲ್ಲಿ ಎರಡು ಪಾಲು ವಾಪಸ್ಸು ಬರುತ್ತೆ ಕಣಮ್ಮ. ಇಷ್ಟು ವರ್ಷ ಓಡಿಸಿದ ಮೇಲೂ."

"ಮೂರರಲ್ಲಿ ಎರಡಾ?" ಅಪ್ಪನಿಗೆ ನಂಬಿಕೆ ಬರಲಿಲ್ಲ. "ಈ ಡಬ್ಬಕ್ಕಾ?"

"ಭಾವ, ಹಳೇ ಗಾಡಿ ಕೊಳ್ಳೋನು ಗಾಡೀನ ಕೊಳ್ಳಲ್ಲ. ತಾನು ಮಾರುವಾಗ ಕೊಳ್ಳೋಕೆ ಬರ್ತಾನಲ್ಲ, ಆ ಗಿರಾಕೀನ ಕೊಳ್ತಾನೆ. ಜಪಾನಿಂದಕ್ಕೆ ಆ ಗಿರಾಕಿ ಯಾವಾಗಲೂ ಇರ್ತಾನೆ. ಅದಕ್ಕೇ ಬೆಲೆ ಇಳಿಯಲ್ಲ."

"ಮಾರೋ ದಿನವನ್ನೇ ನೆನೆಸಿಕೊಂಡು ಗಾಡಿ ಓಡಿಸೋದು ಒಂದು ಬಾಳಾ? ಥೂ!"

"ಬಾಳೋ ಗೀಳೋ, ನನಗೆ ಗೊತ್ತಿರೋದು ರೇಟು."

"ಹಂಗಾದ್ರೆ ನನ್ನದು ನೋಡು."

ರೇಟು ಮಾವ ಹಡಗಿನ ಸುತ್ತ ಒಂದು ಸುತ್ತು ಬಂದ. ಅದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲು ತಟ್ಟಿದ, ಒಳ್ಳೆಯ ದಪ್ಪ ತಗಡು, ಗಂಟೆಯ ಹಾಗೆ ಸದ್ದು ಬಂತು. "ಆಹಾ," ಎಂದ. ಸೀಟಿನಲ್ಲಿ ಕೂತ, ಕಾಲು ಚಾಚಿದ, ಕಣ್ಣು ಮುಚ್ಚಿದ. ಮಲಗಿಬಿಟ್ಟನೇನೋ ಎಂದು ಅಜ್ಜಿ ಕಿಟಕಿಯಲ್ಲಿ ಇಣುಕಿ ನೋಡಿದಳು.

"ಎಷ್ಟು?" ಎಂದ ಅಪ್ಪ.

"ಭಾವ, ಇಷ್ಟು ಸುಖವಾದ ಗಾಡಿ ನನ್ನ ಅಂಗಡೀಲಿ ಒಂದೂ ಇಲ್ಲ."

"ಎಷ್ಟು ಅಂದೆ."

"ಇದು ಹೊಸದಾಗಿ ಶೋರೂಮಿಂದ ಬೀದಿಗಿಳಿದ ದಿನವೇ ಬೆಲೆ ಜಾರೋಕೆ ಶುರುವಾಯ್ತು. ಪೆಟ್ರೋಲು ನೀರಿನ ಹಾಗೆ ಕುಡಿಯುತ್ತೆ, ನಿಲ್ಲಿಸೋಕೆ ಅರ್ಧ ಬೀದಿ ಬೇಕು, ರಿಪೇರಿಗೆ ನಿಮ್ಮಂಥ ಮಾವನೋ ಅಪ್ಪನೋ ಮನೇಲೇ ಇರಬೇಕು. ನೀವೊಬ್ಬರೇ ಇದಕ್ಕೆ ಗಿರಾಕಿ." ಅವನು ಸೀಟಿನಿಂದ ಇಳಿದು ಹೇಳಿದ, "ಕೊಡಲೇಬೇಕು ಅಂದ್ರೆ ಗುಜರಿಗೆ ತೂಕಕ್ಕೆ ಹಾಕಬೇಕಾಗುತ್ತೆ."

ಅಪ್ಪ ಬಾಯಿ ತೆರೆದ. ಇನ್ನೇನು ಸಿಡಿಲು ಬಡಿಯುತ್ತದೆ ಎಂದು ಎಲ್ಲರೂ ಕಾದರು. ಅವನು ಬಾಯಿ ಮುಚ್ಚಿಕೊಂಡು ಒಳಗೆ ಹೋದ.

"ನನ್ನ ಹಲ್ಲಿನ ಸೆಟ್ಟಿಗೆ ಏನು ರೇಟು ಕಟ್ತೀಯೋ?" ಎಂದಳು ಅಜ್ಜಿ.

"ಅದು ಜಪಾನಿಂದೋ ಅಮೆರಿಕದ್ದೋ ಅಜ್ಜಿ?"

"ಮೊಮ್ಮಗಳದ್ದು. ಕಡಲೆ ಅಗಿದು ತೋರಿಸ್ಲಾ?"

"ಗಟ್ಟಿ ಇರಬಹುದು. ಆದ್ರೆ ಎರಡನೇ ಗಿರಾಕಿ ಕಷ್ಟ."

*

ಮರುದಿನ ಆ ಮನೆಯ ಊಟದ ಮೇಜಿನಲ್ಲಿ ಒಂದು ವಿಚಿತ್ರ ನಡೆಯಿತು. ವಾದಿಗಳು ಜಾಗ ಬದಲಾಯಿಸಿಕೊಂಡರು.

"ಆ ಇಲೀನ ಯಾಕೆ ಮಾರ್ತೀಯ?" ಎಂದು ಶುರು ಮಾಡಿದ ಅಪ್ಪ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಇನ್ನೂ ಹದಿನೈದು ವರ್ಷ ಎಂಜಿನ್ ಮುಟ್ಟೋದು ಬೇಡ. ಆ ಜಪಾನಿನವರು ಸುಮ್ಮನೆ ಮಾಡಿರ್ತಾರಾ? ಒಂದೊಂದು ಬೇರಿಂಗೂ ಹೂವಿನ ಹಾಗೆ ತಿರುಗುತ್ತೆ."

ಮಗಳು ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದವಳು ತಲೆಯೆತ್ತಿದಳು. "ಅಪ್ಪ, ನಿನಗೆ ಜ್ವರ ಇದೆಯಾ?"

"ಇಲ್ಲ. ನನ್ನದನ್ನೇ ಮಾರಿಬಿಡೋಣ. ತೂಕಕ್ಕೇ ಆಗಲಿ. ನೀನು ಇಲೀನ ಅಂಗಳದಲ್ಲಿ ನಿಲ್ಲಿಸ್ಕೋ. ಇಲ್ಲೇ ಲ್ಯಾಬಿಗೆ ಹೋಗಿ ಬಾ."

"ಹಡಗನ್ನ ತೂಕಕ್ಕಾ? ಆ ಸೀಟಲ್ಲಿ ಕೂತು ನಾನು ಸ್ಟೇರಿಂಗ್ ಹಿಡಿಯೋದು ಕಲಿತಿದ್ದೀನಿ. ಅದನ್ನ ಗುಜರಿಗೆ ಹಾಕ್ತೀನಿ ಅಂದ್ರೆ ನಾನು ಗೇಟಿಗೆ ಅಡ್ಡ ಮಲಗ್ತೀನಿ."

"ಅದು ಬರೀ ಪೆಟ್ರೋಲು ಕುಡಿಯುತ್ತೆ!"

"ಕುಡೀಲಿ! ಅಂಥ ಎಂಜಿನ್ ಈಗ ಯಾರು ಮಾಡ್ತಾರೆ?"

"ಗೇರ್ ಬಾಕ್ಸ್ ದರಿದ್ರದ್ದು!"

"ನೀನು ಇಳಿಸಿ ಏರಿಸ್ತೀಯಲ್ಲ!"

ಅಮ್ಮ ಹಳೆಯ ಪ್ಯಾಂಟೊಂದಕ್ಕೆ ಜಿಪ್ಪು ಹೊಲಿಯುತ್ತಿದ್ದಳು. ಬೀದಿಯವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಮನೆಗೆ ನಾಲ್ಕು ಕಾಸು ತರುತ್ತಿದ್ದವಳು ಅವಳು. ದಾರವನ್ನು ಹಲ್ಲಿನಿಂದ ಕತ್ತರಿಸಿ ಹೇಳಿದಳು, "ಏನ್ರೀ, ನೇರವಾಗಿ ಹೋಗ್ಬೇಡ ಅನ್ನಿ. ಜಪಾನಿನವರನ್ನ ಯಾಕೆ ನಡುವೆ ಎಳೆದು ತರ್ತೀರಿ?"

"ನಾನ್ಯಾಕೆ ಹೋಗ್ಬೇಡ ಅನ್ನಲಿ? ಹೋಗೋಳು ಹೋಗಲಿ! ನಾನು ಹೇಳ್ತಿರೋದು ಗಾಡಿ ವಿಚಾರ!"

ಬೆಣ್ಣೆ ಸವರಿದ ಬ್ರೆಡ್ಡನ್ನು ಅಲ್ಲೇ ಬಿಟ್ಟು ಡಿಪೋಗೆ ಹೊರಟ. ಮಗಳು ಅದನ್ನು ಕಾಗದದಲ್ಲಿ ಸುತ್ತಿ ಹಿಂದೆ ಓಡಿ ಅವನ ಜೇಬಿಗೆ ತುರುಕಿ ಬಂದಳು.

*

ಇಲಿಯನ್ನು ನೋಡಲು ಬಂದವಳು ಒಬ್ಬ ಸಂಗೀತದ ಮೇಡಂ. ರೇಟು ಮಾವನೇ ಕಳಿಸಿದ್ದ. ಮನೆಮನೆಗೆ ಹೋಗಿ ಮಕ್ಕಳಿಗೆ ಪಿಟೀಲು ಹೇಳಿಕೊಡುವವಳು. ಮಗಳು ಕೆಲಸಕ್ಕೆ ಹೋಗಿದ್ದಳು, ಅಪ್ಪನೊಬ್ಬನೇ ಅಂಗಳದಲ್ಲಿದ್ದ. ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕುವಂತಿರಲಿಲ್ಲ.

"ನೀವು ಮೆಕ್ಯಾನಿಕ್ ಅಂತೆ," ಎಂದಳು ಮೇಡಂ. "ನನಗೆ ಗಾಡಿ ವಿಚಾರ ಏನೂ ತಿಳಿಯಲ್ಲ. ನೀವು ಹೇಳಿದ್ದನ್ನೇ ನಂಬ್ತೀನಿ. ಇದರಲ್ಲಿ ಏನಾದ್ರೂ ದೋಷ ಇದೆಯಾ?"

ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ, ಅಜ್ಜಿ ಇಬ್ಬರೂ ಉಸಿರು ಹಿಡಿದು ನಿಂತರು. ಅಪ್ಪ ಬಾನೆಟ್ ಎತ್ತಿದ. ಬಗ್ಗಿ ನೋಡಿದ. ಬೆಲ್ಟನ್ನು ಬೆರಳಿನಿಂದ ಒತ್ತಿದ. ಎಣ್ಣೆಯ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಎಳೆದ. ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟ. ಅದು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು.

"ಇದರಲ್ಲಿ..." ಎಂದ.

"ಹೇಳಿ."

"ಇದರಲ್ಲಿ ಏನು ದೋಷ ಇರುತ್ತೆ?" ಅಪ್ಪ ಬಾನೆಟ್ಟನ್ನು ದಡಾರನೆ ಮುಚ್ಚಿದ. "ಒಂದೂ ಇಲ್ಲ! ಹುಡುಕಿದ್ರೂ ಸಿಗಲ್ಲ! ತಗೊಂಡು ಹೋಗಿ!"

ಮೇಡಂ ಬೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಗಾಡಿ ಕೊಂಡಳು. ಅಷ್ಟು ಸಿಟ್ಟಿನಿಂದ ಹೊಗಳಿದ ಗಾಡಿ ಚೆನ್ನಾಗಿಲ್ಲದೆ ಇದ್ದೀತೇ?

ಸಂಜೆ ಅಜ್ಜಿ ಕೇಳಿದಳು, "ಒಂದು ಸುಳ್ಳು ಹೇಳೋಕೆ ಆಗ್ಲಿಲ್ವೇನೋ? ಬೆಲ್ಟು ಸವೆದಿದೆ ಅಂದಿದ್ರೆ ಸಾಕಿತ್ತು."

"ಬೆಲ್ಟು ಹೊಸದು. ಹೋದ ತಿಂಗಳು ನಾನೇ ಹಾಕಿದ್ದೆ."

"ನೀನಾ? ಇಲೀಗಾ?" ಮಗಳು ಚಹಾ ಲೋಟ ಕೆಳಗಿಟ್ಟಳು. "ನನಗೆ ಹೇಳಲೇ ಇಲ್ಲ."

"ಕೀಚು ಕೀಚು ಅಂತಿತ್ತು. ಬೆಳಗ್ಗೆ ಬೆಳಗ್ಗೆ ಕೇಳೋಕಾಗ್ತಿರಲಿಲ್ಲ."

"ಎಣ್ಣೆ, ಟೈರು, ಬ್ರೇಕು ಬಿಟ್ರೆ ಏನೂ ಹಾಕಿಲ್ಲ ಅಂತ ನಾನು ಅಷ್ಟು ಜಂಬ ಕೊಚ್ಕೊಂಡಾಗ ಸುಮ್ಮನಿದ್ದೆಯಲ್ಲ!"

"ಹ್ಞೂ. ಮತ್ತೆ ವಾಟರ್ ಪಂಪು. ಆಮೇಲೆ ಆ ಎಡಗಡೆ ಚಕ್ರದ ಬೇರಿಂಗು." ಅಪ್ಪ ಗೋಡೆ ನೋಡಿದ. "ಜಪಾನಿಂದಾದ್ರೂ ಕಬ್ಬಿಣವೇ ತಾನೇ."

ಮಗಳಿಗೆ ನಗು ಬಂತು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡಳು.

*

ಇಲಿ ಹೋಯಿತು. ಬಂದ ಹಣ ಬಂದರಿನ ಊರಿಗೆ ಹೋಯಿತು. ಹೊರಡುವ ದಿನ ಗೊತ್ತಾಯಿತು. ಆಮೇಲೊಂದು ದಿನ ಊಟದ ನಡುವೆ ಅಪ್ಪ ಹೇಳಿದ, "ಹಡಗನ್ನ ನೀನೇ ತಗೊಂಡು ಹೋಗು."

ಎಲ್ಲರೂ ಅವನ ಮುಖ ನೋಡಿದರು.

"ನನಗೆ ಡಿಪೋ ಬಸ್ಸಿದೆ. ಊರ ಡಾಕ್ಟರುಗಳಿಗೆಲ್ಲ ಹಲ್ಲು ತಲುಪಿಸೋಳಿಗೆ ಗಾಡಿ ಬೇಡ್ವಾ? ಮಾರಿದ್ರೆ ಏನೂ ಬರಲ್ಲ ಅಂತ ನಿನ್ನ ಮಾವನೇ ಹೇಳಿದ್ದಾನೆ. ತಗೋ."

"ಅಪ್ಪ, ದಾರೀಲಿ ಕೆಟ್ಟು ನಿಂತ್ರೆ?"

"ಫೋನು ಮಾಡು. ಬರ್ತೀನಿ. ದೊಡ್ಡ ಕೆಲಸ ಇದ್ರೆ ಇಲ್ಲಿಗೇ ತಗೊಂಡು ಬಾ. ಇದನ್ನ ಬಿಚ್ಚೋಕೆ ಬೇರೆ ಯಾರಿಗೂ ಬರಲ್ಲ."

ಮಗಳು ಕೈ ತೊಳೆಯಲು ಎದ್ದು ಹೋದ ಮೇಲೆ ಅಜ್ಜಿ ಅವನತ್ತ ಬಗ್ಗಿದಳು. "ಭಾರಿ ಇದ್ದೀಯ ಕಣೋ. ಆ ಲಡಾಸು ಗಾಡಿ ತಿಂಗಳಿಗೊಂದು ಸಲ ಕೆಡುತ್ತೆ, ಅವಳು ತಿಂಗಳಿಗೊಂದು ಸಲ ಬರ್ತಾಳೆ. ಅಷ್ಟೇ ತಾನೇ?"

"ನಿನಗೆ ಯಾರು ಹೇಳಿದ್ರು?"

"ನಿನ್ನನ್ನ ಹೆತ್ತೋಳು ನಾನು."

ಅಮ್ಮ ಎಲೆಕೋಸಿನ ಪಲ್ಯವನ್ನು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಉಪಾಯ ಒಳ್ಳೆಯದೇ. ಕೆಡಿಸಿದವನು ಅವನೇ. ಬಂದರಿನ ಊರು ದೂರ, ದಾರಿಯಲ್ಲಿ ಗುಡ್ಡ ಬೇರೆ, ಅಷ್ಟಕ್ಕಾದರೂ ನೋಡಬೇಕು ಎಂದುಕೊಂಡು ಬ್ರೇಕು ಬಿಚ್ಚಿದ. ಬ್ರೇಕು ಬಿಚ್ಚಿದ ಮೇಲೆ ಚಕ್ರದ ಬೇರಿಂಗು ಕಣ್ಣಿಗೆ ಬಿತ್ತು. ಕಂಡದ್ದನ್ನು ಹಾಗೇ ಮುಚ್ಚುವುದು ಹೇಗೆ? ಬದಲಾಯಿಸಿದ. ರೇಡಿಯೇಟರ್ ಇಳಿಸಿ ಬೆಸುಗೆ ಹಾಕಿಸಿದ. ಡಿಪೋದಿಂದ ಬಂದವನು ಚಹಾ ಕುಡಿದು ನೇರವಾಗಿ ಗಾಡಿಯ ಕೆಳಗೆ ಹೋಗುತ್ತಿದ್ದ. ಅಮ್ಮ ಊಟಕ್ಕೆ ಅವನ ಕಾಲುಗಳನ್ನು ಕರೆಯಬೇಕಾಗುತ್ತಿತ್ತು. ಕೊನೆಯ ರಜೆಯಲ್ಲಿ ಗೇರ್ ಬಾಕ್ಸನ್ನೇ ಇಳಿಸಿದ. ಈ ಸಲ ರಿಪೇರಿ ಮಾಡಲಿಲ್ಲ. ರೇಟು ಮಾವನನ್ನು ಗುಜರಿಯೆಲ್ಲ ಅಲೆಸಿ, ಒಂದು ಒಳ್ಳೆಯ ಗೇರ್ ಬಾಕ್ಸ್ ತರಿಸಿ, ಅದನ್ನೇ ಏರಿಸಿದ.

"ಭಾವ, ಈ ಗಾಡಿಗೆ ಇಷ್ಟು ಸುರಿದ್ರೆ ಒಂದು ಕಾಸೂ ವಾಪಸ್ಸು ಬರಲ್ಲ," ಎಂದ ರೇಟು ಮಾವ.

"ವಾಪಸ್ಸು ಬರಬೇಕಾದ್ದು ಕಾಸಲ್ಲ," ಎಂದು ಗಾಡಿಯ ಕೆಳಗಿನಿಂದ ಉತ್ತರ ಬಂತು. "ಆ ಹದಿನಾರನೇ ನಂಬರ್ ಪಾನಾ ಕೊಡು."

ಹೊರಡುವ ಬೆಳಗ್ಗೆ ಅಮ್ಮ ಡಿಕ್ಕಿಯಲ್ಲಿ ಹಾಸಿಗೆ, ಪಾತ್ರೆ, ಒಂದು ಮೂಟೆ ಆಲೂಗಡ್ಡೆ ತುಂಬಿದಳು. ಅಷ್ಟಾದರೂ ಡಿಕ್ಕಿಯಲ್ಲಿ ಜಾಗ ಉಳಿಯಿತು. ಅಜ್ಜಿ ಮೊಮ್ಮಗಳ ಕೆನ್ನೆ ಹಿಡಿದು, "ನನ್ನ ಹಲ್ಲು ಸಡಿಲ ಆದ್ರೆ ಯಾರ ಹತ್ರ ಹೋಗ್ಲೇ?" ಎಂದಳು.

"ಸಡಿಲ ಆಗಲ್ಲ ಅಜ್ಜಿ. ಗಟ್ಟಿಯಾಗಿ ಕಟ್ಟಿದ್ದೀನಿ."

"ಅದೇ ತಪ್ಪು ಮಾಡಿದೆ ನೋಡು."

ಮಗಳು ಕೀಲಿ ತಿರುಗಿಸಿದಳು. ಹಡಗು ಕೆಮ್ಮಲಿಲ್ಲ, ನಡುಗಲಿಲ್ಲ. ಬೀದಿಯ ತಿರುವಿನಲ್ಲಿ ಹಿಂದೆಲ್ಲ ಕೇಳುತ್ತಿದ್ದ ಕಟಕಟ ಸದ್ದಿಗಾಗಿ ಅಪ್ಪ ಕಿವಿಗೊಟ್ಟು ನಿಂತಿದ್ದ. ಆ ಸದ್ದೂ ಬರಲಿಲ್ಲ.

*

ಅಂಗಳ ಖಾಲಿಯಾಯಿತು. ಹಳದಿ ಗೆರೆಯ ದೆಸೆಯಿಂದ ಒಂದು ಗಾಡಿ ಹೋಗಬೇಕಾಗಿತ್ತು, ಎರಡೂ ಹೋಗಿದ್ದವು. ಹಡಗು ನಿಲ್ಲುತ್ತಿದ್ದಲ್ಲಿ ಎಣ್ಣೆಯ ಕಲೆ ಉಳಿದಿತ್ತು. ಅಮ್ಮ ಸೋಪು ಹಾಕಿ ಉಜ್ಜಲು ಹೋದರೆ ಅಪ್ಪ ಪೊರಕೆ ಕಿತ್ತುಕೊಂಡ. "ಮತ್ತೆ ಬಂದು ನಿಂತಾಗ ಮತ್ತೆ ಆಗುತ್ತೆ. ಸುಮ್ಮನೆ ಯಾಕೆ ಉಜ್ತೀಯ?"

ಮಗಳು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಮ್ಮ ಊಟದ ವಿಚಾರ ಕೇಳುತ್ತಿದ್ದಳು, ಅಜ್ಜಿ ಅಲ್ಲಿಯವರ ಹಲ್ಲಿನ ವಿಚಾರ. ಕೊನೆಗೆ ಅಪ್ಪ.

"ಗಾಡಿ ಹೇಗಿದೆ?"

"ಚೆನ್ನಾಗಿದೆ ಅಪ್ಪ."

"ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಕೆಮ್ಮುತ್ತಾ?"

"ಇಲ್ಲ."

"ಏರಿನಲ್ಲಿ ಬಿಸಿ ಆಗುತ್ತಾ? ಸರಿಯಾಗಿ ನೋಡು."

"ಇಲ್ಲಪ್ಪ. ಇಲೀಗಿಂತ ಚೆನ್ನಾಗಿ ಓಡ್ತಿದೆ."

"ಹ್ಞೂ," ಎಂದು ಸತ್ತ ಮನೆಯಿಂದ ಬಂದವನ ಹಾಗೆ ಫೋನು ಕೆಳಗಿಡುತ್ತಿದ್ದ. ವಾರಗಳು ಹೋದವು. ಲ್ಯಾಬಿಗೆ ಕೆಲಸ ಬರತೊಡಗಿತು; ಮಗಳಿಗೆ ಬಿಡುವಿಲ್ಲ. ಬರಲು ಕಾರಣವೂ ಇಲ್ಲ.

"ಒಂದು ನಟ್ಟಾದ್ರೂ ಸಡಿಲ ಬಿಡೋಕಾಗ್ಲಿಲ್ವಾ ನಿನಗೆ?" ಎಂದಳು ಅಜ್ಜಿ.

"ನನ್ನ ಮಗಳು ಓಡಿಸೋ ಗಾಡಿ! ಬ್ರೇಕಿನ ನಟ್ಟು ಸಡಿಲ ಬಿಡ್ಲಾ?"

"ಬ್ರೇಕು ಯಾಕೆ? ಕಿಟಕಿ ಏರಿಸೋ ಹಿಡೀದು?"

ಅಪ್ಪ ಬಹಳ ಹೊತ್ತು ಯೋಚಿಸಿದ. "ಅದು ಹೊಳೀಲಿಲ್ಲ," ಎಂದ.

ಅಂದಿನಿಂದ ಅವನು ಕೂಗುವುದು ಕಡಿಮೆಯಾಯಿತು. ಡಿಪೋದಿಂದ ಬಂದು ಅಂಗಳದ ಮೆಟ್ಟಿಲ ಮೇಲೆ ಕೂರುತ್ತಿದ್ದ. ಉಪ್ಪು ಜಾಸ್ತಿಯಾದರೂ ಉಂಡು ಏಳುತ್ತಿದ್ದ. ಅಮ್ಮ ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದಳು. ಅದನ್ನೂ ಉಂಡ. ಆಗ ಅವಳಿಗೆ ಭಯವಾಯಿತು. ಮಧ್ಯಾಹ್ನ ಅವನಿಲ್ಲದ ಹೊತ್ತಿನಲ್ಲಿ ಮಗಳಿಗೆ ತಾನೇ ಫೋನು ಮಾಡಿ, "ನಿಮ್ಮಪ್ಪ ಉಪ್ಪಿಲ್ಲದ ಕಾಳು ಉಂಡ್ರು ಕಣೇ," ಎಂದಷ್ಟೇ ಹೇಳಿದಳು.

ರಜೆಯ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಬಂತು. ಅಮ್ಮ ಎತ್ತಿಕೊಂಡು, ಸ್ವಲ್ಪ ಹೊತ್ತು ಕೇಳಿ, ಅಪ್ಪನಿಗೆ ಕೊಟ್ಟಳು. "ಏನ್ರೀ, ಗಾಡೀಲಿ ಏನೋ ಸದ್ದು ಬರ್ತಿದೆಯಂತೆ."

ಅಪ್ಪ ಎಂಜಲು ಕೈಯಲ್ಲೇ ಹಿಡಿದುಕೊಂಡ. "ಎಂಥ ಸದ್ದು?"

"ಒಂಥರಾ... ಕುಂಯ್ ಅಂತ."

"ಎಲ್ಲಿಂದ?"

"ಮುಂದಿಂದ ಅಪ್ಪ. ಹಿಂದಿಂದಾನೂ ಇರಬಹುದು."

"ಸಾಧ್ಯವೇ ಇಲ್ಲ!" ಮನೆ ನಡುಗಿತು. ಎಷ್ಟೋ ದಿನದ ಮೇಲೆ ಆ ಕೂಗು ಕೇಳಿ ಅಜ್ಜಿ ಕಣ್ಣರಳಿಸಿದಳು. "ಮುಂದಿನ ಬೇರಿಂಗೂ ಹೊಸದು, ಹಿಂದಿಂದೂ ಹೊಸದು! ಬೆಲ್ಟು ನಾನೇ ಹಾಕಿದ್ದು! ಆ ಗಾಡೀಲಿ ಕುಂಯ್ ಅನ್ನೋ ಸಾಮಾನು ಒಂದೂ ಇಲ್ಲ!"

"ಹೌದಾ? ಹಂಗಾದ್ರೆ ಬಿಡು. ನನಗೇ ಹಾಗನ್ನಿಸಿರಬೇಕು."

ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಆಮೇಲೆ ಹೇಳಿದ, "ಓಡಿಸ್ಬೇಡ. ನಿಲ್ಲಿಸಿದ ಜಾಗದಲ್ಲೇ ಇರಲಿ. ಬರ್ತಿದ್ದೀನಿ."

ಪಾನಾ ಪೆಟ್ಟಿಗೆ ಬಾಗಿಲ ಹಿಂದೆಯೇ ಇತ್ತು. ಅಂಗಿ ಬದಲಾಯಿಸಿದ, ಗುಂಡಿ ತಪ್ಪಾಗಿ ಹಾಕಿಕೊಂಡ. ಅಮ್ಮ ಬಿಚ್ಚಿ ಸರಿಯಾಗಿ ಹಾಕಿದಳು.

"ಊಟ ಮುಗಿಸಿ ಹೋಗಿ."

"ಬಂದು ಮಾಡ್ತೀನಿ. ಮುಚ್ಚಿಡು. ಒಂದು ಸದ್ದಿಗೆ ಎಷ್ಟು ಹೊತ್ತು ಬೇಕು?"

ಗೇಟನ್ನು ತೆರೆದು ಹಾಗೇ ಬಿಟ್ಟು ಬಸ್ಸಿನ ಕಡೆಗೆ ಓಡಿದ. ಅಮ್ಮ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ಅವನು ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಡಿಪೋಗೆ ರಜೆ ಹೇಳಿಬಿಡು ಎಂದು ಫೋನು ಬಂತು. ಅವನ ಮಾತಿನ ಹಿಂದೆ ಮಗಳು ಏನೋ ಅಂದದ್ದು, ಅವನು ಅವಳ ಮೇಲೆ ರೇಗಿದ್ದು, ಇಬ್ಬರೂ ನಕ್ಕದ್ದು ಅಮ್ಮನಿಗೆ ಕೇಳಿಸಿತು.

"ಇವಳ ಲ್ಯಾಬಿನ ಬೆಂಚು ಅಲ್ಲಾಡುತ್ತೆ ಕಣೇ. ಕುಲುಮೆ ಬಾಗಿಲು ಸರಿಯಾಗಿ ಕೂರಲ್ಲ. ಸಾರಿಗೆ ಉಪ್ಪೇ ಹಾಕಲ್ಲ ಇವಳು, ಬೈದೆ."

"ಸದ್ದು?"

"ಇನ್ನೂ ಸಿಕ್ಕಿಲ್ಲ."

"ಅವಸರ ಏನೂ ಇಲ್ಲ," ಎಂದಳು ಅಮ್ಮ. "ನಿಧಾನವಾಗಿ ಹುಡುಕಿ."

ಅವಳು ಫೋನು ಇಟ್ಟು ಊಟ ಬಡಿಸಲು ಬಂದಳು. ಅಜ್ಜಿ ಕೇಳಿದಳು, "ಏನಂತೆ? ಯಾವಾಗ ಬರ್ತಾನಂತೆ?"

"ಸದ್ದು ಸಿಕ್ಕ ಮೇಲೆ."

ಅಜ್ಜಿ ಖಾಲಿ ಅಂಗಳವನ್ನೊಮ್ಮೆ, ತೆರೆದೇ ಇದ್ದ ಗೇಟನ್ನೊಮ್ಮೆ ನೋಡಿದಳು.

"ಹಂಗಾದ್ರೆ ಅವನ ಪಾಲಿನ ಆಲೂಗಡ್ಡೆ ನನಗೇ ಬಡಿಸು," ಎಂದು ತಟ್ಟೆ ಮುಂದೆ ಮಾಡಿದಳು.